ನೋಂದಣಿ ಸಂಖ್ಯೆ ಒಂದು

ಟಿಣ್ ಎಂದಿತು, ಒಂದೇ ಸಲ, ಪಡಸಾಲೆಯಲ್ಲಿ ಅತ್ತೆ ಮಲಗುವ ಹೊರಸಿದ್ದ ಕಡೆಯಿಂದ. ದಾಕ್ಷಾಯಣಿ ಕಣ್ಣು ತೆರೆಯಲಿಲ್ಲ; ತೆರೆದರೆ ಕೇಳಿದ್ದು ನಿಜವಾಗಿಬಿಡುತ್ತದೆ ಎಂಬಂತೆ ರೆಪ್ಪೆಗಳನ್ನು ಇನ್ನಷ್ಟು ಬಿಗಿದಳು. ಲೋಟದೊಳಗೆ ಚಮಚ ಜಾರಿರಬಹುದು. ಬೆಕ್ಕು ಏನಾದರೂ ಮುಟ್ಟಿರಬಹುದು. ಪಕ್ಕದಲ್ಲಿ ಗಂಡ ಶಂಕರಲಿಂಗ ಬಾಯಿ ತೆರೆದು ಮಲಗಿದ್ದ, ಅವನಿಗೆ ಏನೂ ಕೇಳಿರಲಿಲ್ಲ, ಅವನಿಗೆ ಎಂದೂ ಏನೂ ಕೇಳುವುದಿಲ್ಲ. ಆದರೆ ಅವಳಿಗೆ ಗೊತ್ತಿತ್ತು. ಅದು ಅತ್ತೆ ಸಿದ್ದವ್ವನ ಮೊಬೈಲು, ಎಲೆಯಡಿಕೆಯ ಸಂಚಿಯೊಳಗೆ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗುವ ಮೊಬೈಲು. ರಾತ್ರಿ ಹನ್ನೊಂದೂವರೆಗೆ ಸಿದ್ದವ್ವನಿಗೆ ಸಂದೇಶ ಕಳಿಸುವ ಮನುಷ್ಯರು ಈ ಭೂಮಿಯ ಮೇಲೆ ಇರಲಿಲ್ಲ. ಮನುಷ್ಯರಲ್ಲದೆ ಕಳಿಸಬಲ್ಲದ್ದು ಒಂದಿತ್ತು. ಅದನ್ನು ಕಟ್ಟಿದವಳು ತಾನೇ. ಹನ್ನೊಂದೂವರೆಗೆ ಅದನ್ನು ಪರೀಕ್ಷೆಯಿಂದ ಎತ್ತಿ ನಿಜದ ಲೋಕಕ್ಕೆ ಬಿಡುತ್ತೇನೆಂದು ಸಾಂಗಲಿಯ ಕಂಪನಿಯಿಂದ ವೈಭವ ಸಂಜೆಯೇ ಹೇಳಿದ್ದ. ಬಿಟ್ಟಿದ್ದಾನೆ. ಅದು ಹೊರಬಂದ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ತನ್ನ ಪಡಸಾಲೆಗೆ ಬಂದು ಟಿಣ್ ಎಂದದ್ದು.

ಆರು ತಿಂಗಳಿಂದ ಅವಳು ಯಳವಿಯ ಈ ಮನೆಯಲ್ಲೇ ಕುಳಿತು, ಅಡುಗೆಮನೆಯ ಪಕ್ಕದ ಜೋಳದ ಚೀಲಗಳ ಕೋಣೆಯಲ್ಲಿ, ಸಾಂಗಲಿಯ ಒಂದು ಸಣ್ಣ ಕಂಪನಿಗಾಗಿ ಸರಕಾರದ ಕುರಿ ಲಸಿಕೆಯ ವೆಬ್‌ಸೈಟು ಕಟ್ಟುತ್ತಿದ್ದಳು. ಕುರಿಯುಳ್ಳವರು ಮೊಬೈಲಿನಲ್ಲಿ ಕುರಿಯ ವಿವರ ತುಂಬಿದರೆ ಅವರ ಊರಿನ ಶಿಬಿರದ ದಿನ, ಸರತಿಯ ಸಂಖ್ಯೆ ಬರಬೇಕು. ಕಟ್ಟುವುದೆಂದರೆ ತನ್ನ ಮನಸ್ಸಿಗೆ ಬಂದಂತೆ ಅಲ್ಲ. ಎಲ್ಲ ಇಲಾಖೆಗಳ ಸೈಟುಗಳೂ ಒಂದೇ ಮನೆಯ ಮಕ್ಕಳಂತೆ ಕಾಣಬೇಕೆಂದು ಮೇಲಿನವರು ಒಂದು ಡಿಸೈನ್ ಸಿಸ್ಟಮ್ ಕೊಟ್ಟಿದ್ದರು. ಅದರಲ್ಲಿ ಗುಂಡಿ, ಚೌಕಟ್ಟು, ಬಣ್ಣ, ಅಕ್ಷರದ ಗಾತ್ರ, ನಾಗರಿಕರೊಡನೆ ಆಡುವ ಮಾತು, ಎಲ್ಲವೂ ಮೊದಲೇ ಸಿದ್ಧ. ಇವಳು ತೆಗೆದು ಜೋಡಿಸಬೇಕಷ್ಟೆ. ಅದಕ್ಕೊಂದು ನಿಯಮಗಳ ಪುಸ್ತಕವಿತ್ತು. ಒಂದು ಪುಟಕ್ಕೆ ಒಂದೇ ಪ್ರಶ್ನೆ. ಒಂದು ಪುಟಕ್ಕೆ ಒಂದೇ ಹಸಿರು ಗುಂಡಿ. ಕೆಂಪು ಗುಂಡಿ, ಹಿಂದೆ ತೆಗೆದುಕೊಳ್ಳಲಾಗದ ಕೆಲಸಕ್ಕೆ ಮಾತ್ರ. ತಪ್ಪಾದಾಗ ನಾಗರಿಕರನ್ನು ದೂರಬಾರದು; ಏನು ಮಾಡಬೇಕೆಂದು ಮೆಲ್ಲಗೆ ಹೇಳಬೇಕು. ದಾಕ್ಷಾಯಣಿ ಈ ಪುಸ್ತಕವನ್ನು ಎರಡು ಸಲ ಓದಿದ್ದಳು, ಎರಡನೆಯ ಸಲ ಕಣ್ಣು ತುಂಬಿಕೊಂಡು. ಯಾರೋ ಎಲ್ಲೋ ಕೂತು, ಎದುರಿನವರನ್ನು ಗಾಬರಿಪಡಿಸದೆ ಪ್ರಶ್ನೆ ಕೇಳುವುದು ಹೇಗೆಂದು ಇಷ್ಟೊಂದು ಯೋಚಿಸಿದ್ದಾರೆ. ಈ ಮನೆಯಲ್ಲಿ ಅತ್ತೆ ಒಂದೇ ಉಸಿರಿಗೆ ನಾಲ್ಕು ಪ್ರಶ್ನೆ ಕೇಳುತ್ತಿದ್ದಳು, ಹಾಲು ಕಾಸಿದಿಯೋ, ನೀರು ಬಂತೋ, ನಿಮ್ಮ ಅವ್ವಗ ಫೋನ ಹಚ್ಚಿದ್ದಿ ಏನು, ಇಷ್ಟೊತ್ತನಕ ಏನ ಮಾಡ್ತಿದ್ದಿ, ಮತ್ತು ಎಲ್ಲ ಗುಂಡಿಗಳೂ ಕೆಂಪೇ.

ಆ ಪುಸ್ತಕದಲ್ಲೇ ಇನ್ನೊಂದು ನಿಯಮವಿತ್ತು: ಪರೀಕ್ಷೆಗೆಂದು ಅಬಕ ಎಂದೆಲ್ಲ ತುಂಬಬೇಡಿ, ನಿಜದಂಥ ಮಾಹಿತಿ ತುಂಬಿ. ಅದನ್ನು ಓದಿದ ದಿನ ಮಧ್ಯಾಹ್ನ ಅತ್ತೆ ಬಾಗಿಲಲ್ಲಿ ನಿಂತು, ಪಕ್ಕದ ಮನೆಯ ಬಾಳಾಬಾಯಿಗೆ ಕೇಳುವಷ್ಟು ದೊಡ್ಡದಾಗಿ, ಸಂತ್ಯಾಗ ಬದನಿಕಾಯಿ ಒತ್ತಿ ನೋಡೂರ ಗತೆ ಮುಂಜಾನಿಂದ ಗುಂಡಿ ಒತ್ತಾಕಹತ್ಯಾಳ, ಒಂದೂ ಖರೀದಿ ಇಲ್ಲ ಎಂದಿದ್ದಳು. ಬಾಳಾಬಾಯಿ ನಕ್ಕದ್ದು ಕೇಳಿಸಿತ್ತು. ದಾಕ್ಷಾಯಣಿ ಮತ್ತೆ ಪರದೆಯತ್ತ ತಿರುಗಿದಳು. ಅವಳು ಎಂದೂ ಉತ್ತರ ಕೊಟ್ಟವಳಲ್ಲ. ಮೊದಲನೆಯ ಪರೀಕ್ಷಾ ಕುರಿಯ ಅರ್ಜಿ ತೆರೆದಿತ್ತು. ಮಾಲೀಕರ ಹೆಸರು: ಸಿದ್ದವ್ವ. ಮೊಬೈಲು ಸಂಖ್ಯೆ ಅತ್ತೆಯದೇ, ಏಕೆಂದರೆ ತನ್ನದು ಆಗಲೇ ಸೈಟು ಕಟ್ಟುವವರ ಖಾತೆಗೆ ಸೇರಿತ್ತು; ಇದಕ್ಕೆ ಕಾರಣವಿತ್ತು, ಇದರಲ್ಲಿ ತಪ್ಪಿಲ್ಲ. ಕುರಿಯ ಹೆಸರು, ಇದ್ದರೆ: ಸಿದ್ದವ್ವ. ಇದಕ್ಕೆ ಕಾರಣವಿರಲಿಲ್ಲ. ಊರು: ಮಾಡಗ್ಯಾಳ, ಅತ್ತೆಯ ತವರು. ಬಣ್ಣ: ಬಿಳಿ, ಅಲ್ಲಲ್ಲಿ ಕಂದು, ಮೆಹಂದಿ ಅರ್ಧ ಹಿಡಿದು ಅರ್ಧ ಬಿಟ್ಟ ಆ ತಲೆ ಕಣ್ಣೆದುರೇ ಇತ್ತು. ಮೂಗು: ಬಾಗಿದ್ದು. ಹಲ್ಲು: ಎರಡು. ನಡಿಗೆ: ಎಡಗಾಲು ಎಳೆಯುತ್ತದೆ. ಈದ ಮರಿ: ಒಂದು, ಗಂಡು. ಮರಿ ಹಾಲು ಬಿಟ್ಟಿದೆಯೇ: ಇನ್ನೂ ಬಿಟ್ಟಿಲ್ಲ. ಸ್ವಭಾವಕ್ಕೆ ಎರಡೇ ಆಯ್ಕೆ, ಸಾಧು ಅಥವಾ ಹಾಯುತ್ತದೆ. ಅವಳು ಹಾಯುತ್ತದೆ ಎಂಬ ಸಣ್ಣ ವೃತ್ತದ ಮೇಲೆ ಒತ್ತಿದಾಗ ಅದರೊಳಗೆ ಕಪ್ಪು ಚುಕ್ಕೆ ತುಂಬಿಕೊಂಡಿತು, ಮತ್ತು ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಈ ಮನೆಯಲ್ಲಿ ತನ್ನ ಮಾತು ಮುಗಿಸಿದಂತೆ ಅನ್ನಿಸಿತು.

ಆಮೇಲೆ ಇನ್ನೂ ಮೂವತ್ತೊಂಬತ್ತು ಪರೀಕ್ಷಾ ಕುರಿಗಳನ್ನು ಮಾಡಿದ್ದಳು, ಸಪ್ಪೆ ಕುರಿಗಳು. ನಿನ್ನೆ, ಮೊದಲ ಶಿಬಿರದ ಮಾಡಗ್ಯಾಳದ ಕುರಿಗಳ ವಿವರವನ್ನು ಇಲಾಖೆಯವರು ಆಗಲೇ ತುಂಬಿಯಾಗಿದೆ, ಪರೀಕ್ಷೆಯವನ್ನೆಲ್ಲ ಅಳಿಸಿಬಿಡಿ ಎಂದು ವೈಭವ ಹೇಳಿದಾಗ ಮೂವತ್ತೊಂಬತ್ತನ್ನೂ ಅಳಿಸಿದ್ದಳು. ಒಂದನೆಯದನ್ನು ಕೊನೆಗೆ ಅಳಿಸೋಣವೆಂದು ಇಟ್ಟಿದ್ದಳು. ನಿಜ ಹೇಳಬೇಕೆಂದರೆ ಅದನ್ನು ಆಗಾಗ ತೆರೆದು ಓದುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಕೆಲವರು ದಿನ ಕೆಟ್ಟಾಗ ವಚನ ಓದುತ್ತಾರಲ್ಲ ಹಾಗೆ. ಅಷ್ಟರಲ್ಲಿ ಅತ್ತೆ ಚಹಾ ಕೇಳಿದಳು, ಹಾಲು ಉಕ್ಕಿತು, ಮರೆತುಹೋಯಿತು.

ಬೆಳಿಗ್ಗೆ ಶಂಕರಲಿಂಗ ಜತ್ತಿನ ಅಂಗಡಿಗೆ ಹೊರಟ ಮೇಲೆ ಸಿದ್ದವ್ವ ಕಟ್ಟೆಯ ಮೇಲೆ ಕೂತು, ಮೊಬೈಲನ್ನು ತೋಳಿನಷ್ಟು ದೂರ ಹಿಡಿದು, ಅಕ್ಷರಕ್ಕೊಂದು ಬೆರಳಿಟ್ಟು ಓದುತ್ತಿದ್ದಳು. “ಸಿದ್ದವ್ವ ಅವರೇ. ನಾಳೆ ಹತ್ತಕ್ಕೆ ಮಾಡಗ್ಯಾಳ ಬಯಲಲ್ಲಿ ಲಸಿಕೆ. ನಿಮ್ಮ ಸಂಖ್ಯೆ ಒಂದು.” ರಾತ್ರಿ ಬಂದದ್ದರಿಂದ ಆ ನಾಳೆ ಇವತ್ತೇ ಆಗಿತ್ತು. ಓದಿ ಮುಗಿಸಿ ಮತ್ತೆ ಮೊದಲಿಗೆ ಹೋದಳು. “ಅವರೇ ಅಂದಾರ ನೋಡ ದಾಕ್ಷೀ. ಈ ಮನಿಗೆ ಬಂದು ನಲವತ್ತ ವರ್ಷ ಆತು, ಯಾರರ ಒಬ್ರು ನನಗ ಅವರೇ ಅಂದಾರನು?”

ಆ ಅವರೇ ದಾಕ್ಷಾಯಣಿಯದು. ಮರಾಠಿಯಿಂದ ಸೈಟನ್ನು ಕನ್ನಡಕ್ಕೆ ತಂದವಳು ಅವಳೇ. ಗಡಿಯ ಹಳ್ಳಿಯವರಿಗೆ ಕನ್ನಡದಲ್ಲೂ ಬೇಕೆಂದು ಮೇಲಿನಿಂದ ಬಂದಿತ್ತು, ಕಂಪನಿಯಲ್ಲಿ ಕನ್ನಡ ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಒಂದು ಸಂದೇಶದಲ್ಲಿ ಎಪ್ಪತ್ತು ಅಕ್ಷರ ಮೀರುವಂತಿಲ್ಲ. ಕೊಂಬು, ಒತ್ತು ಎಲ್ಲವೂ ಲೆಕ್ಕಕ್ಕೆ. ‘ನಿಮ್ಮ ಕುರಿಗೆ’ ಎಂದು ಬರೆದರೆ ಮೀರುತ್ತಿತ್ತು. ‘ಅವರೇ’ ಬಿಡುವುದೋ ‘ನಿಮ್ಮ ಕುರಿಗೆ’ ಬಿಡುವುದೋ ಎಂದು ಅರ್ಧ ದಿನ ಯೋಚಿಸಿದ್ದಳು. ನಾಗರಿಕರಿಗೆ ಮರ್ಯಾದೆ ಮುಖ್ಯ, ಅವರಿಗೆ ಗೊತ್ತಿರುವುದನ್ನು ಅವರಿಗೇ ಹೇಳಬೇಡಿ ಎಂದು ಪುಸ್ತಕದಲ್ಲಿತ್ತು. ಕುರಿ ತಂದವರಿಗೆ ಕುರಿಯ ವಿಷಯ ಗೊತ್ತಿರುವುದಿಲ್ಲವೇ. ಕುರಿಯನ್ನು ಬಿಟ್ಟಿದ್ದಳು.

“ಯಾತರ ಲಸೀನ ಸಿದ್ದವ್ವಾ?” ಗೋಡೆಯಾಚೆಯಿಂದ ಬಾಳಾಬಾಯಿಯ ತಲೆ ಎದ್ದಿತು.

“ಯಾತರದರ ಇರ್ಲಿ. ನಂಬರ ಒಂದ ಅದ.”

“ನನಗ ಬಂದಿಲ್ಲಲ.”

“ನಿನಗ ಹ್ಯಾಂಗ ಬರ್ತದ? ಕೊರೋನಾದಾಗ ನೀ ಸಾಲ ಮುರದು ನನಕಿಂತ ಮೊದಲ ಚುಚ್ಚಿಸ್ಕೊಂಡಿದ್ದಿ. ಸರಕಾರದವರು ಎಲ್ಲಾ ಬರ್ದಿಟ್ಟಿರ್ತಾರ.”

ದಾಕ್ಷಾಯಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಅತ್ತೀ, ಅದು ತಪ್ಪಿ ಬಂದಿರಬೇಕ್ರಿ” ಎಂದಳು. ಸಿದ್ದವ್ವ ಅವಳನ್ನು ಪಾದದಿಂದ ಮೇಲಕ್ಕೆ ನೋಡಿದಳು. “ತಪ್ಪಿ ಯಾಕ ಬರ್ತದ? ನನ್ನ ಹೆಸರ ಅದ, ನನ್ನ ತೌರೂರ ಅದ. ನಿನಗ ಬಂದಿದ್ರ ತಪ್ಪಿ ಬಂದಿದ್ದಿಲ್ಲ, ನನಗ ಬಂದದ್ದಕ್ಕ ತಪ್ಪಿ ಬಂತು.” ನಿಜ ಹೇಳುವ ಹೊತ್ತು ಇದೇ ಆಗಿತ್ತು, ಸಣ್ಣ ಕಿಟಕಿಯಂತೆ ತೆರೆದುಕೊಂಡಿತ್ತು. ಅದು ಕುರಿಯ ಸೈಟು ಅತ್ತೀ, ನಾ ಮಾಡಿದ್ದು, ನಿಮ್ಮ ಹೆಸರು ಸುಮ್ಮನ ಹಾಕಿದ್ದೆ. ಆಗ ಅತ್ತೆ ಕೇಳುತ್ತಾಳೆ: ನನ್ನ ಹೆಸರು ಹಾಕಿ, ಮುಂದ ಏನ ಬರ್ದಿ? ಸಿದ್ದವ್ವ ಕೇಳದೆ ಬಿಡುವವಳಲ್ಲ. ತೋರಿಸು ಎನ್ನುತ್ತಾಳೆ. ಅಕ್ಷರಕ್ಕೊಂದು ಬೆರಳಿಟ್ಟು ಓದುತ್ತಾಳೆ. ಬಾಳಾಬಾಯಿ ಗೋಡೆಯ ಮೇಲೆ ಗದ್ದ ಊರಿ ಕೇಳುತ್ತಾಳೆ. ಸಂಜೆ ಶಂಕರಲಿಂಗ ಬಂದ ಮೇಲೆ ಅವನೂ ಓದುತ್ತಾನೆ, ಹಾಲು ಬಿಡದ ಮರಿಯ ತನಕ. ಆಮೇಲೆ ಈ ಮನೆಯಲ್ಲಿ ತಾನು ಎಲ್ಲಿ ನಿಲ್ಲುವುದು? ಕಿಟಕಿ ಮುಚ್ಚಿಕೊಂಡಿತು. ಸಿದ್ದವ್ವ ಇಳಕಲ್ ಸೀರೆ ಹುಡುಕಲು ಒಳಗೆ ಹೋದಳು.

ಜೋಳದ ಚೀಲಗಳ ಕೋಣೆಯಿಂದ ವೈಭವನಿಗೆ ಫೋನು ಮಾಡಿದಳು, ದನಿ ತಗ್ಗಿಸಿ, ಮರಾಠಿಯಲ್ಲಿ. ಒಂದನೆಯ ಅರ್ಜಿ ಪರೀಕ್ಷೆಯದು, ಉಳಿದುಹೋಗಿದೆ, ಅಳಿಸಬೇಕಿತ್ತು. ವೈಭವ ರಾತ್ರಿಯೆಲ್ಲ ಎಚ್ಚರವಿದ್ದವನ ಸಂತೋಷದಲ್ಲಿದ್ದ. ಅಳಿಸುವುದು ಈಗ ಇಲ್ಲ ತಾಯಿ, ನಾಗರಿಕರ ದಾಖಲೆ ಕಳೆದುಹೋಗಬಾರದಲ್ಲ, ಆ ಪುಟ ನೀವೇ ಮಾಡಿದ್ದು, ಕಾರಣ ಕೊಟ್ಟು ತೆಗೆಯಬಹುದಷ್ಟೆ. ಮೂರು ಕಾರಣ: ಸತ್ತಿದೆ, ಮಾರಾಟವಾಗಿದೆ, ಕಳುವಾಗಿದೆ. ಕಳುವಿಗೆ ಪೊಲೀಸ್ ದೂರಿನ ಸಂಖ್ಯೆ ಬೇಕು, ಮಾರಾಟಕ್ಕೆ ಮಾಲೀಕರ ಮೊಬೈಲಿಗೆ ಬರುವ ಒಟಿಪಿ ಬೇಕು. “ಸತ್ತಿದೆ ಎಂದು ಹಾಕಿಬಿಡಿ. ಕುರಿ ತಾನೇ. ನಿಮ್ಮ ಸಂತಾಪದ ಸಂದೇಶ ಎಷ್ಟು ಚೆನ್ನಾಗಿದೆ ಗೊತ್ತಾ, ಮರಾಠಿಗೆ ತಿರುಗಿಸಿ ಓದಿದಾಗ ನನಗೇ ಒಂಥರಾ ಆಯಿತು.” ಹೌದು, ಸಂತಾಪದ ಸಂದೇಶವಿತ್ತು. ‘ಸಿದ್ದವ್ವ ಸತ್ತದ್ದಕ್ಕೆ ವಿಷಾದವಿದೆ. ಇಂದೇ ಆಳವಾಗಿ ಹೂಳಿ, ಸುಣ್ಣ ಹಾಕಿ.’ ಕುರಿಯ ಹೆಸರು ತಾನಾಗಿ ಬಂದು ಕೂರುವ ಜಾಗವನ್ನು ಅವಳೇ ಬಿಟ್ಟಿದ್ದಳು. ಸುಣ್ಣ ಹಾಕಿ ಎಂಬುದು ಎಪ್ಪತ್ತು ಅಕ್ಷರದೊಳಗೇ ಕೂತಾಗ ಅವಳಿಗೆ ಹೆಮ್ಮೆಯಾಗಿತ್ತು.

ಆದರೂ ತೆರೆದಳು. ಮೂರು ಆಯ್ಕೆಗಳ ಪಟ್ಟಿ ಕೆಳಗಿಳಿಯಿತು. ಸತ್ತಿದೆ ಎಂಬುದನ್ನು ಆರಿಸಿದಳು. ಪುಸ್ತಕ ಹೇಳಿದ್ದಂತೆ ಪುಟ ಶಾಂತವಾಗಿತ್ತು, ಸುತ್ತ ಸಾಕಷ್ಟು ಬಿಳಿ ಜಾಗ, ಮಧ್ಯೆ ಒಂದೇ ಪ್ರಶ್ನೆ: ಸಿದ್ದವ್ವ ಸತ್ತಿರುವುದು ಖಚಿತವೇ? ಕೆಳಗೆ ಕೆಂಪು ಗುಂಡಿ. ಪಡಸಾಲೆಯಲ್ಲಿ ಸಿದ್ದವ್ವ ತಲೆ ಬಾಚುತ್ತ, ಹಣಿಗೆ ಕೂದಲಿಗೆ ಸಿಕ್ಕಿ, ಯವ್ವಾ ಎಂದಳು. ತೀರ ಮೆಲ್ಲಗೆ, ಯಾರನ್ನೂ ಕರೆಯದೆ. ದಾಕ್ಷಾಯಣಿಗೆ ಕಾಲೇಜಿನ ದಿನಗಳು ನೆನಪಾದವು, ವಿಜಯಪುರದ ಹಾಸ್ಟೆಲಿನಲ್ಲಿ ಗೆಳತಿಯ ಡೈರಿಯನ್ನು ಕದ್ದು ಓದಿ ತನ್ನ ಬಗ್ಗೆ ಒಂದು ಸಾಲೂ ಇಲ್ಲದ್ದಕ್ಕೆ ಮೂರು ದಿನ ಉಣ್ಣದೆ ಇದ್ದದ್ದು. ಬೆರಳು ಗುಂಡಿಯ ಮೇಲೆ ಸುಳಿದಾಡಿತು. ಈ ಸಂದೇಶ ಹೋದರೆ ಅತ್ತೆಗೆ ಹೋಗುತ್ತದೆ; ತನ್ನ ಸಾವಿನ ಸುದ್ದಿಯನ್ನು ಅಕ್ಷರಕ್ಕೊಂದು ಬೆರಳಿಟ್ಟು ಓದಿ ಬಾಳಾಬಾಯಿಗೆ ಹೇಳುತ್ತಾಳೆ. ಅವಳು ಒತ್ತಲಿಲ್ಲ. ಒತ್ತದೆ ಇದ್ದದ್ದು ಒಳ್ಳೆಯತನದಿಂದಲೋ ಹೆದರಿಕೆಯಿಂದಲೋ ತಿಳಿಯಲಿಲ್ಲ, ತಿಳಿಯುವಷ್ಟು ಹೊತ್ತೂ ಇರಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಹಸಿರು ಇಳಕಲ್ ಸೀರೆ, ಹಣೆಗೆ ಮೂರು ಬೆರಳಿನ ವಿಭೂತಿ. “ಗಾಡಿ ತಗಿ. ಮೊದಲನೇ ನಂಬರಿನವರು ತಡಾ ಮಾಡಬಾರದು.”

ಕರೆದೊಯ್ಯದಿದ್ದರೆ ಬಸ್ಸಿಗೆ ಹೋಗುತ್ತಾಳೆ, ಬಾಳಾಬಾಯಿಯನ್ನು ಸಾಕ್ಷಿಗೆ ಕರೆದುಕೊಂಡು. ಆದ್ದರಿಂದ ದಾಕ್ಷಾಯಣಿ ಸ್ಕೂಟಿ ತೆಗೆದಳು. ಅವಳ ಯೋಜನೆ ಇಷ್ಟೇ: ತಡವಾಗಿ ತಲುಪುವುದು, ಒಂದನೆಯ ಸಂಖ್ಯೆ ದಾಟಿಹೋಗಿರುವುದು. ಇಪ್ಪತ್ತರ ವೇಗದಲ್ಲಿ ನಡೆಸಿದಳು. ತಗ್ಗಿಲ್ಲದ ಕಡೆ ತಗ್ಗು ತಪ್ಪಿಸಿದಳು. ಚಕ್ರದಲ್ಲಿ ಗಾಳಿ ಕಡಿಮೆ ಅನ್ನಿಸುತ್ತದೆ ಎಂದು ಇಳಿದು ನೋಡಿದಳು, ಗಾಳಿ ತುಂಬಿತ್ತು. ಚಹಾ ಕುಡೀತೀರೇನ್ರಿ ಅತ್ತೀ ಎಂದಳು. “ಎಮ್ಮಿ ಹೊಡದಂಗ ಹೊಡೀಬ್ಯಾಡ, ಲಗೂನ ನಡಿ” ಎಂದು ಸಿದ್ದವ್ವ ಹಿಂದಿನಿಂದ ಅವಳ ಪಕ್ಕೆಗೆ ಮೊಣಕೈಯಲ್ಲಿ ತಿವಿದಳು. ಹಾಯುತ್ತದೆ, ಎಂದುಕೊಂಡಳು ದಾಕ್ಷಾಯಣಿ, ಮತ್ತು ಎಂದುಕೊಂಡದ್ದಕ್ಕೆ ನಾಚಿದಳು. ಎಡಬಲಕ್ಕೆ ಕುಸುಬೆಯ ಹೊಲಗಳು, ದೂರದಲ್ಲಿ ಒಂದು ಗಾಳಿಯಂತ್ರ ತಿರುಗಲೋ ಬೇಡವೋ ಎಂಬಂತೆ ತಿರುಗುತ್ತಿತ್ತು. ಆ ಪುಸ್ತಕದಲ್ಲಿ ಎಲ್ಲೋ ಇತ್ತು: ಬಳಸುವವರು ತಪ್ಪು ದಾರಿ ಹಿಡಿದರೆ ಅವರನ್ನು ಹಿಂದಿನ ಪುಟಕ್ಕೆ ಮರಳಲು ಬಿಡಿ, ತುಂಬಿದ್ದು ಕಳೆಯದಂತೆ. ಹಿಂದಿನ ಪುಟವೆಂದರೆ ಯಾವುದು? ನಿನ್ನೆಯೇ, ಆ ಮಧ್ಯಾಹ್ನವೇ, ಹನ್ನೆರಡು ವರ್ಷದ ಹಿಂದೆ ಅಕ್ಕಿಯ ಸೇರು ಒದ್ದು ಒಳಗೆ ಬಂದಾಗ, ಒದ್ದದ್ದು ಜೋರಾಯಿತೆಂದು ಅತ್ತೆ ಎಲ್ಲರೆದುರು ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿದ್ದಳಲ್ಲ, ಆ ದಿನವೇ?

ಮಾಡಗ್ಯಾಳದ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಅದರ ಮುಂದೆ ಕುರಿಗಳ ಸಾಲು, ಬಿಳಿ ಮೈಯ ಮೇಲೆ ಕಂದು ತೇಪೆ, ಉದ್ದ ಕತ್ತು, ಬಾಗಿದ ಮೂಗು, ಪ್ರತಿಯೊಂದೂ ಏನನ್ನೋ ನೆನೆದು ಬೇಸರಗೊಂಡ ಮುಖ. ಗಂಟೆ ಹನ್ನೊಂದು ದಾಟಿತ್ತು, ಆದರೆ ಸಾಲು ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. “ಇಲ್ಲಿ ಕುರಿ ಯಾಕ ಬಂದಾವ?” ಎಂದಳು ಸಿದ್ದವ್ವ, ಉತ್ತರಕ್ಕೆ ಕಾಯದೆ, “ನಮ್ಮದು ಮುಗದ ಮ್ಯಾಲ ಅವಕ್ಕ ಇರಬೇಕು” ಎಂದು ತಾನೇ ಹೇಳಿಕೊಂಡು, ಕುರಿಗಳನ್ನು ಸೀರೆಯ ನಿರಿಗೆಯಿಂದ ದೂರ ತಳ್ಳುತ್ತ ಸಾಲಿನ ಮುಂದಕ್ಕೆ ನಡೆದಳು. ಶಾಮಿಯಾನದಲ್ಲಿ ಟ್ಯಾಬ್ ಹಿಡಿದ ಅನಿಲನೆಂಬ ನೌಕರ ಬೆವರುತ್ತ ಕೂತಿದ್ದ. ಅವನ ಎದುರು, ದೊಡ್ಡ ಟಗರಿನ ಕೊರಳಿಗೆ ಕೈ ಹಾಕಿಕೊಂಡು, ಮುಂಡಾಸಿನ ಮಲಕಾಜಪ್ಪ.

“ಎರಡನೇ ನಂಬರ ನಂದು. ಒಂದನೇದ್ದು ಬಂದಿಲ್ಲ ಅಂದ್ರ ಬಿಟ್ಟ ಮುಂದ ನಡೀರಿ ಸಾಹೇಬ್ರ.”

“ಬಿಡಾಕ ಬರಂಗಿಲ್ಲ ಕಾಕಾ. ಒಂದು ಮುಗಿಲಾರದ ಎರಡು ತೆರ್ಯಾಂಗಿಲ್ಲ. ಹಂಗ ಮಾಡಿಟ್ಟಾರ.”

“ಯಾವ ಪುಣ್ಯಾತ್ಮ ಮಾಡ್ಯಾನ?”

“ಯಳವಿ ಕಡೆ ಯಾರೋ ಮ್ಯಾಡಂ ಅಂತ.”

ಒಂದು ಪುಟಕ್ಕೆ ಒಂದೇ ಕೆಲಸ. ‘ಬಿಟ್ಟು ಮುಂದೆ ಹೋಗಿ’ ಎಂಬ ಗುಂಡಿ ಡಿಸೈನ್ ಸಿಸ್ಟಮಿನಲ್ಲಿ ಇರಲಿಲ್ಲ. ಇಲ್ಲದ್ದನ್ನು ತಾನಾಗಿ ಮಾಡಬಾರದೆಂದು ದಾಕ್ಷಾಯಣಿ ಮಾಡಿರಲಿಲ್ಲ. ಈಗ ಮುನ್ನೂರು ಕುರಿಗಳು ಬಿಸಿಲಲ್ಲಿ ನಿಂತು ಅವಳ ವಿಧೇಯತೆಯನ್ನು ನೋಡುತ್ತಿದ್ದವು. ಅವಳು ಒಂದು ಕುರಿಯ ಹಿಂದೆ ಸರಿದಳು.

“ನಾನ ಒಂದನೇ ನಂಬರ” ಎಂದಳು ಸಿದ್ದವ್ವ, ಎಡದೋಳಿನ ಕುಪ್ಪಸ ಮೇಲೆತ್ತುತ್ತ.

ಅನಿಲನ ಮುಖ ಬೆಳಗಿತು. “ಬರ್ರಿ ಯವ್ವಾರ, ನಿಮ್ಮನ್ನ ಕಾಯಾಕಹತ್ತಿದ್ವಿ. ತೋಳ ಯಾಕ? ಕುರಿ ಎಲ್ಲಿ ಅದ?”

“ನನಗ್ಯಾಕ ಕುರಿ?”

“ಲಸಿ ಕುರಿಗಲ್ಲೇನ್ರಿ. ತಡೀರಿ, ಓದಿ ಹೇಳತೇನಿ, ಹೌದೋ ಅಲ್ಲೋ ಹೇಳ್ರಿ.” ಓದಿ ಹೇಳಿ ಒಪ್ಪಿಗೆ ಪಡೆಯುವುದೂ ಪುಸ್ತಕದ ನಿಯಮವೇ, ಓದಲು ಬಾರದವರ ಅನುಕೂಲಕ್ಕೆ. ಅನಿಲ ದನಿ ಎತ್ತರಿಸಿದ, ಹಿಂದಿನವರಿಗೂ ಕೇಳಲಿ ಎಂಬಂತೆ. “ಮಾಲೀಕರು ಸಿದ್ದವ್ವ. ಕುರಿ ಹೆಸರು ಸಿದ್ದವ್ವ. ಬಣ್ಣ ಬಿಳಿ, ಅಲ್ಲಲ್ಲಿ ಕಂದು.” ಸಿದ್ದವ್ವ ಸೆರಗನ್ನು ತಲೆಯ ಮೇಲೆ ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. “ಮೂಗು ಬಾಗಿದ್ದು.” ಮಲಕಾಜಪ್ಪ ಟ್ಯಾಬಿನಿಂದ ಕಣ್ಣೆತ್ತಿ ಸಿದ್ದವ್ವನ ಮುಖ ನೋಡಿ, ಕೂಡಲೇ ತನ್ನ ಟಗರನ್ನು ನೋಡತೊಡಗಿದ. “ಹಲ್ಲು ಎರಡು. ನಡಿಗಿ, ಎಡಗಾಲು ಎಳೀತದ. ಈದದ್ದು ಒಂದು ಮರಿ, ಗಂಡು, ಇನ್ನೂ ಹಾಲು ಬಿಟ್ಟಿಲ್ಲ. ಸ್ವಭಾವ, ಹಾಯ್ತದ.”

ಒಂದು ಕುರಿ ಕೆಮ್ಮಿತು. ಅತ್ತೆ ತಿರುಗುವುದನ್ನು ದಾಕ್ಷಾಯಣಿ ನೋಡಿದಳು, ಅವಸರವಿಲ್ಲದೆ, ಕುತ್ತಿಗೆ ಮೊದಲು, ಆಮೇಲೆ ಭುಜ, ಕುರಿಗಳ ತಲೆಗಳ ಮೇಲಿಂದ ಅವಳ ಕಣ್ಣು ಹುಡುಕಿ ಸೊಸೆಯ ಕಣ್ಣಿಗೆ ಬಂದು ನಿಂತಿತು. ಯಳವಿಯ ಮ್ಯಾಡಂ. ಮುಂಜಾನೆಯಿಂದ ಗುಂಡಿ ಒತ್ತುವವಳು. ಆ ನೋಟದಲ್ಲಿ ಎಲ್ಲ ಲೆಕ್ಕವೂ ಕೂಡಿತು. ಈಗ ಬೈಯುತ್ತಾಳೆ, ಈ ಬಯಲಲ್ಲೇ, ತವರಿನವರ ಮುಂದೆ, ಮತ್ತು ಬೈದರೆ ಅದು ನ್ಯಾಯ. ಬೈಯಲಿ ಎಂದೇ ಅವಳು ಕಾದಳು.

ಮಾತಾಡಿದವನು ಮಲಕಾಜಪ್ಪ. “ಬಾಗಿದ ಮೂಗು ಅಂದ್ರ ಅಸಲ ಮಾಡಗ್ಯಾಳ ಕುರಿ ಯವ್ವಾ. ಎರಡ ಹಲ್ಲಂದ್ರ ಇನ್ನೂ ಪ್ರಾಯದ್ದು, ಹಲ್ಲ ಈಗ ಮೂಡಾಕಹತ್ತ್ಯಾವ. ಹಾಯೂ ಕುರಿ ಇದ್ರನ ಹಿಂಡು ನೆಟ್ಟಗ ಇರ್ತದ. ಸಾಧು ಕುರಿ ತಗೊಂಡು ಏನ ಮಾಡೂದು, ನಾಯಿ ಬಂದ್ರ ನಾಯಿ ಹಿಂದನ ಹೋಗ್ತಾವ.” ಹಿಂದಿನ ಇಬ್ಬರು ತಲೆಯಾಡಿಸಿದರು. “ಇಂಥಾ ಕುರಿ ಎಲ್ಲಿಟ್ಟೀದಿ? ತರಬೇಕಿಲ್ಲೇನು, ನೋಡತಿದ್ವಿ.”

ಸಿದ್ದವ್ವ ಕುಪ್ಪಸದ ತೋಳನ್ನು ಕೆಳಗಿಳಿಸಿದಳು, ಮೆಲ್ಲಗೆ, ಸುಕ್ಕು ಸರಿಪಡಿಸಿ. ಮೂಗು ಒಂದಿಷ್ಟು ಮೇಲೆದ್ದಿತು. “ಹೌದಪಾ. ನಂದ ಕುರಿ” ಎಂದಳು. “ಬಂದಿಲ್ಲ ಇವತ್ತ.”

“ಬಂದಿಲ್ಲಂದ್ರ ಕಾರಣ ಹಾಕಬೇಕ್ರಿ ಯವ್ವಾರ, ಇಲ್ಲಂದ್ರ ಸಾಲು ಮುಂದ ಹೋಗಂಗಿಲ್ಲ” ಎಂದ ಅನಿಲ. “ಸತ್ತದ, ಮಾರೀರಿ, ಕಳುವಾಗ್ಯದ. ಮೂರರಾಗ ಒಂದು.”

“ಮೂರನ?”

“ಮೂರನ್ರಿ.”

ಸಿದ್ದವ್ವ ಯೋಚಿಸಿದಳು. ಸಂಚಿಯಿಂದ ಅಡಿಕೆಯ ಚೂರು ತೆಗೆದು ಇದ್ದ ಎರಡು ಹಲ್ಲಿನ ನಡುವೆ ಇಟ್ಟುಕೊಂಡಳು. “ಸತ್ತಿಲ್ಲ” ಎಂದಳು. “ಕಳುವಿಗೂ ಹೋಗಿಲ್ಲ, ಯಾರ ಒಯ್ತಾರ. ಮಾರ್ಯಾರ ಅಂತ ಬರಕೋ. ಇದ ಊರಾಗ ಹುಟ್ಟಿದ್ದು, ಯಳವಿಯವರಿಗೆ ಕೊಟ್ಟಾರ.”

“ಅಯ್ಯ, ಯಳವಿಗೆ ಯಾಕ ಕೊಟ್ರಿ” ಎಂದ ಮಲಕಾಜಪ್ಪ, ನಿಜವಾದ ದುಃಖದಿಂದ. “ಅವರಿಗೆ ಕುರಿ ಕದರ ಏನ ಗೊತ್ತು.”

“ಆವಾಗ ಯಾರ ನನ್ನ ಕೇಳಿದ್ರು” ಎಂದಳು ಸಿದ್ದವ್ವ.

ಒಟಿಪಿ ಅವಳ ಮೊಬೈಲಿಗೇ ಬಂತು. ತೋಳಿನಷ್ಟು ದೂರ ಹಿಡಿದು, ಅಂಕಿಗೊಂದು ಬೆರಳಿಟ್ಟು, ಆರನ್ನೂ ಓದಿ ಹೇಳಿದಳು. ಅನಿಲ ಟ್ಯಾಬನ್ನು ಅವಳತ್ತ ತಿರುಗಿಸಿದ. ಬಿಳಿ ಪುಟದ ನಡುವೆ ಒಂದೇ ಪ್ರಶ್ನೆ, ಕೆಳಗೆ ಕೆಂಪು ಗುಂಡಿ. ಬೆಳಿಗ್ಗೆ ಜೋಳದ ಚೀಲಗಳ ನಡುವೆ ದಾಕ್ಷಾಯಣಿ ಒತ್ತಲಾರದೆ ಬಿಟ್ಟದ್ದರ ಅಕ್ಕನೋ ತಂಗಿಯೋ ಆದ ಗುಂಡಿ. “ಇಲ್ಲೇನು?” ಎಂದು ಕೇಳಿ, ಬದನೆಕಾಯಿ ನೋಡುವವರಂತೆ ಹೆಬ್ಬೆರಳಿನಿಂದ ಸಿದ್ದವ್ವ ಒತ್ತಿದಳು. ಪುಟ ಹಸಿರಾಯಿತು. ಎರಡನೆಯ ಸಂಖ್ಯೆ ತೆರೆಯಿತು. ಮಲಕಾಜಪ್ಪನ ಟಗರು ತಾನಾಗಿಯೇ ಮುಂದೆ ನಡೆಯಿತು. “ಗುಂಡಿ ದೊಡ್ಡದದ” ಎಂದಳು ಸಿದ್ದವ್ವ ಯಾರಿಗೆಂದಿಲ್ಲದೆ. “ಚಸ್ಮಾ ಇಲ್ಲದ ಕಾಣ್ತದ. ಚಲೋ ಮಾಡ್ಯಾರ.”

ತಿರುಗಿ ಬರುವಾಗ ದಾಕ್ಷಾಯಣಿ ನಲವತ್ತರ ವೇಗದಲ್ಲಿ ನಡೆಸಿದಳು, ಯಾಕೆಂದು ಗೊತ್ತಿಲ್ಲದೆ. ಈ ಸಲ ಪಕ್ಕೆಗೆ ಮೊಣಕೈ ತಾಗಲಿಲ್ಲ. ಏನು ಹೇಳಬೇಕು? ತಪ್ಪಾಯಿತು ಎಂದರೆ ಅದು ಒಂದು ಅಕ್ಷರ ತಪ್ಪಾಗಿ ಒತ್ತಿದವರು ಹೇಳುವ ಮಾತು. ವೃತ್ತದೊಳಗೆ ಕಪ್ಪು ಚುಕ್ಕೆ ತುಂಬಿದಾಗಿನ ಆ ಸುಖಕ್ಕೆ ಯಾವ ಮಾತು ಹೊಂದುತ್ತದೆ? ಸಣ್ಣ ತಪ್ಪಿಗೆ ಕ್ಷಮೆ ಕೇಳಬೇಡಿ, ದೊಡ್ಡ ತಪ್ಪಿಗೆ ಕ್ಷಮೆ ಕೇಳಿ ಸುಮ್ಮನಾಗಬೇಡಿ ಎಂದಿತ್ತು ಪುಸ್ತಕದಲ್ಲಿ. ಮಧ್ಯದ ತಪ್ಪಿನ ಬಗ್ಗೆ, ಬಾಯಿಬಿಡದವರ ಸಣ್ಣ ದುಷ್ಟತನದ ಬಗ್ಗೆ, ಏನೂ ಇರಲಿಲ್ಲ. ಕುಸುಬೆಯ ಹೊಲ ಬಂತು, ಹೋಯಿತು.

“ದಾಕ್ಷೀ.”

“ಏನ್ರಿ ಅತ್ತೀ.”

“ಎಡಗಾಲಲ್ಲ.”

ಅವಳಿಗೆ ತಿಳಿಯಲಿಲ್ಲ. ವೇಗ ಇಳಿಸಿದಳು.

“ನಾ ಎಳಿಯೂದು ಬಲಗಾಲು” ಎಂದಳು ಸಿದ್ದವ್ವ. “ಬಾವಿ ಕಟ್ಟಿ ಮ್ಯಾಲ ಬಿದ್ದಾಗಿಂದ. ನೀ ಬರೂಕಿಂತ ಮೊದಲನ. ಹನ್ನೆರಡ ವರ್ಷ ದಿನಾ ನೋಡ್ತಿ, ಯಾವ ಕಾಲ ಅನ್ನೂದ ಗೊತ್ತಿಲ್ಲ ನಿನಗ.”

“ತಿದ್ದತೇನ್ರಿ” ಎಂದಳು ದಾಕ್ಷಾಯಣಿ. ಹೇಳಿದ ಮೇಲೆ ಇದೆಂಥ ಮಾತು ಅನ್ನಿಸಿತು.

“ಇನ್ನೇನ ತಿದ್ದತಿ. ಮಾರಿ ಆತಲ್ಲ.” ಆಮೇಲೆ, “ಉಳದದ್ದೆಲ್ಲಾ ಇರ್ಲಿ. ಹಾಲು ಬಿಟ್ಟಿಲ್ಲ ಅನ್ನೂದಂತೂ ಖರೇನ ಅದ” ಎಂದಳು. ಬೆನ್ನಿಗೆ ಏನೋ ಕುಲುಕಿದಂತಾಯಿತು. ನಗುತ್ತಿದ್ದಾಳೋ, ರಸ್ತೆ ಕೆಟ್ಟಿದೆಯೋ, ಕನ್ನಡಿಯಲ್ಲಿ ನೋಡಿದರೆ ತಿಳಿಯುತ್ತಿತ್ತು. ಅವಳು ನೋಡಲಿಲ್ಲ.

ಮನೆಯ ಮುಂದೆ ಇಳಿದು ಸಿದ್ದವ್ವ ಮುಂದೆ ನಡೆದಳು. ದಾಕ್ಷಾಯಣಿ ಸ್ಕೂಟಿ ನಿಲ್ಲಿಸಿ, ಕೀಲಿ ತೆಗೆಯದೆ, ಹಿಂದಿನಿಂದ ನೋಡಿದಳು. ಬಲಗಾಲು. ಎಷ್ಟು ಸ್ಪಷ್ಟವಾಗಿ, ಹೆಜ್ಜೆ ಹೆಜ್ಜೆಗೂ, ಮಣ್ಣಿನಲ್ಲಿ ಸಣ್ಣ ಗೆರೆ ಬಿಡುತ್ತ. ಇಷ್ಟು ವರ್ಷ ತಾನು ಈ ನಡಿಗೆಯನ್ನು ಎದುರಿನಿಂದಷ್ಟೇ ಕಂಡಿದ್ದಳು, ಬಾಗಿಲಿನಿಂದ ತನ್ನ ಕಡೆಗೆ ಬರುವಾಗ, ಏನೋ ಕೇಳಲು, ಏನೋ ಅನ್ನಲು. ಎದುರಿಗೆ ಬರುವವರ ಬಲ ತನ್ನ ಎಡದ ಕಡೆ ಇರುತ್ತದೆ. ಹಿಂದಿನಿಂದ ನೋಡಿದ್ದು ಇವತ್ತೇ. ತಾನು ಎಲ್ಲವನ್ನೂ ಗಮನಿಸುವವಳು ಎಂಬುದು ಅವಳಿಗೆ ತನ್ನ ಬಗ್ಗೆ ಇದ್ದ ಒಂದೇ ಒಂದು ಹೆಮ್ಮೆಯಾಗಿತ್ತು.

ಗೋಡೆಯಾಚೆಯಿಂದ ಬಾಳಾಬಾಯಿ ಎದ್ದಳು. “ಆತೇನು? ಚುಚ್ಚಿದ್ರ?”

“ಎಲ್ಲಾರ ಮುಂದ ನನ್ನ ಹೆಸರ ಮೊದಲ ಕೂಗಿದ್ರು” ಎಂದಳು ಸಿದ್ದವ್ವ, ಕಟ್ಟೆಯ ಮೇಲೆ ಕೂರುತ್ತ.

“ಮತ್ತ ಏನಂದ್ರು?”

“ಪ್ರಾಯದ್ದು ಅಂದ್ರು.”

ದಾಕ್ಷಾಯಣಿ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಕುರಿಯ ಕಥೆ ಸಂಜೆಯ ಬಸ್ಸಿನಲ್ಲಿ ಮಾಡಗ್ಯಾಳದಿಂದ ತಾನಾಗಿಯೇ ಬರುತ್ತದೆ, ಮಲಕಾಜಪ್ಪನ ಬಾಯಿಯಿಂದ ನಾಲ್ಕು ಬಾಯಿಗೆ. ಅದು ಬರಲಿ, ನಗಲಿ, ಶಂಕರಲಿಂಗ ಮರಿಯ ವಿಷಯ ಕೇಳಿ ಎರಡು ದಿನ ಮುಖ ಊದಿಸಿಕೊಳ್ಳಲಿ. ಅದೆಲ್ಲ ಹೇಳಬಹುದಾದದ್ದೇ. ಆದರೆ ಯಾವ ಕಾಲು ಎಂಬುದು ತನಗೆ ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ಗಂಡನಿಗೂ, ಅವ್ವನಿಗೂ, ಯಾರಿಗೂ ಹೇಳುವುದಿಲ್ಲ ಎಂದು ನೀರು ಕುದಿಯುವುದರೊಳಗೆ ಅವಳು ತೀರ್ಮಾನಿಸಿದಳು, ಮತ್ತು ಹೊರಗೆ ಅತ್ತೆ ಕರೆದಾಗ ಒಂದೇ ಕೂಗಿಗೆ ಹೋದಳು.